ಒಂದು ವ್ಯಾಗನ್ನೋ, ಎರಡೋ

ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲಿಗೆ ಕಾಯುತ್ತಿದ್ದೆ. ನನ್ನನ್ನು ಕಳಿಸಲು ಬಂದಿದ್ದ ಅಕ್ಕನ ಮಗ ಕಿರಣನೂ ಅವನ ಗೆಳೆಯ ಶ್ರೀನುವೂ ನಿನ್ನೆಯಿಂದ ಮಾತು ಬಿಟ್ಟಿದ್ದರು. ಹೇಳುವುದನ್ನೆಲ್ಲ ಫುಟ್‌ಬಾಲಿನ ಗಂಧಗಾಳಿಯೂ ಇಲ್ಲದ ನನಗೇ ಹೇಳುತ್ತಿದ್ದರು. ಇಬ್ಬರಿಗೂ ಪ್ರಾಣವಾದ ತಂಡದ ಸ್ಟೇಡಿಯಮ್ಮಿಗೆ ಸ್ಕೋರು ತೋರಿಸುವ ಹೊಸ ಪರದೆ ಬರುತ್ತದಂತೆ. ಅದು ಎಷ್ಟು ದೊಡ್ಡದಿರಬೇಕು ಎಂಬುದೇ ಜಗಳ.

ಎದುರಿನ ಹಳಿಯಲ್ಲಿ ಗೂಡ್ಸ್ ರೈಲು ನಿಂತಿತ್ತು. ಕಿರಣ ಅದನ್ನು ತೋರಿಸಿ, "ಒಂದು ವ್ಯಾಗನ್ ಅಷ್ಟಿದ್ರೆ ಸಾಕು ಕದಾ ಮಾಮ?" ಎಂದ.

"ರೆಂಡು ಉಂಡಾಲಿ ಅಂಕಲ್," ಎರಡಿರಲೇಬೇಕು ಎಂದು ಶ್ರೀನು ಎರಡು ಬೆರಳೆತ್ತಿದ.

"ಸ್ಟೇಡಿಯಂ ಎಲ್ಲಿದೆಯೋ ಕಿರಣ?"

"ಇಂಗ್ಲೆಂಡಲ್ಲಿ."

"ಅಲ್ಲಿಗೆ ಯಾವಾಗ ಹೋಗ್ತೀರಿ?"

ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು. "ನಾವ್ಯಾಕೆ ಹೋಗ್ತೀವಿ ಮಾಮ? ಟಿವಿಲಿ ನೋಡ್ತೀವಲ್ಲ."

ಹಾಗಾದರೆ ಆ ಪರದೆಯ ಗೊಡವೆ ಇವರಿಗೇಕೆ? ನನಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಗೂಡ್ಸ್ ಹೊರಟಿತು. ತಮ್ಮ ಪರದೆಯೇ ಹೋಗುತ್ತಿದೆ ಎಂಬಂತೆ ಇಬ್ಬರೂ ನೋಡುತ್ತ ನಿಂತರು.

ಕೊನೆಗೆ ನನ್ನ ರೈಲು ಬಂತು. ಅದು ಹೊರಟಾಗ ಕಿಟಕಿಯಿಂದ ಇಬ್ಬರಿಗೂ ಅತ್ತಿತ್ತ ಕೈ ಬೀಸಿದೆ. ಕಿರಣ ಥಟ್ಟನೆ ಶ್ರೀನುವಿನತ್ತ ತಿರುಗಿ ತೆಲುಗಿನಲ್ಲಿ ಕೂಗಿದ: "ನೋಡೋ, ಮಾಮನೂ ಎರಡು ಬೇಡ ಅಂತಿದಾರೆ!"