ಲಾವ್ ಸಿಫು ಕಲಿಸಿದ ವಿಂಗ್ ಚುನ್

“ಮೊಣಕಾಲುಗಳ ನಡುವೆ ಒಂದು ಮೇಕೆ ಇದೆ ಅಂದ್ಕೊ. ಅದು ತಪ್ಪಿಸಿಕೊಳ್ಳದ ಹಾಗೆ ನಿಲ್ಲು” ಎಂದರು ಆ ಚೀನೀ ಮುದುಕರು. ನಾನು ಬ್ರಿಸ್ಬೇನ್‌ಗೆ ಬಂದು ಕೆಲವೇ ತಿಂಗಳಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಒಟ್ಟಿದ್ದ ಬಾಡಿಗೆ ಹಾಲ್ ಒಂದರಲ್ಲಿ ಪಾದಗಳನ್ನು ಒಳಕ್ಕೆ ತಿರುಗಿಸಿ, ಮಂಡಿ ಬಗ್ಗಿಸಿ ನಿಂತೆ. ಬಳ್ಳಾರಿಯ ಕೌಲ್ ಬಜಾರಿನ ಫರೀದಾ, ನಲವತ್ತರ ಹತ್ತಿರದ ಡಾಕ್ಟರು, ತಲೆಯ ಮೇಲೆ ಸ್ಕಾರ್ಫ್, ಕಾಲ ನಡುವೆ ಕಾಣದ ಮೇಕೆ. ನಗು ಬರಬೇಕಿತ್ತು. ಬರಲಿಲ್ಲ.

ನಾನು ಅಲ್ಲಿಗೆ ಹುಮ್ಮಸ್ಸಿನಿಂದ ಹೋದವಳಲ್ಲ. ಆಸ್ಪತ್ರೆಯಿಂದ ಟೂವಾಂಗ್‌ನ ಫ್ಲ್ಯಾಟಿಗೆ ಮರಳುವಾಗ ರೈಲಿನಲ್ಲಿ ಒಬ್ಬ ಗಂಡಸು ನನ್ನ ಸ್ಕಾರ್ಫ್ ಹಿಡಿದೆಳೆದು, ಭುಜ ಹಿಡಿದು ಬಾಗಿಲಿನ ಕಡೆ ನೂಕಿದ. “ನಿನ್ನ ಮನೆಗೆ ಹೋಗು” ಎಂದ. ನಾನು ಮನೆಗೇ ಹೋಗುತ್ತಿದ್ದೆ. ಬೋಗಿಯ ತುಂಬ ಜನರಿದ್ದರು, ಎಲ್ಲರೂ ತಂತಮ್ಮ ಫೋನು ನೋಡುತ್ತಿದ್ದರು. ಬಳ್ಳಾರಿಯ ಬಸ್ಸಿನಲ್ಲಾಗಿದ್ದರೆ ಹತ್ತು ಜನ ಎದ್ದು ಅವನ ಕಾಲರ್ ಹಿಡಿಯುತ್ತಿದ್ದರು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವೋ, ದೂರದಿಂದ ಊರು ಹಾಗೆ ಕಾಣುತ್ತದೋ, ಈಗ ಖಾತ್ರಿಯಿಲ್ಲ.

ಗಂಡನಿಗೆ ಕೆಲಸ ಸಿಕ್ಕಿದ್ದು ಪರ್ತ್‌ನಲ್ಲಿ, ನನಗೆ ಬ್ರಿಸ್ಬೇನ್‌ನಲ್ಲಿ. ಒಂದೇ ದೇಶ ಎಂದು ಬಂದೆವು. ಅದರ ಈ ತುದಿಯಿಂದ ಆ ತುದಿಗೆ ವಿಮಾನದಲ್ಲಿ ಐದಾರು ಗಂಟೆ ಎಂಬುದು ಭೂಪಟದಲ್ಲಿ ತಿಳಿದಿರಲಿಲ್ಲ. ರೈಲಿನ ವಿಷಯ ಗಂಡನಿಗೆ ಹೇಳಲಿಲ್ಲ. ಆದರೆ ರೋಗಿಯ ನರಕ್ಕೆ ಸೂಜಿ ಹಾಕುವಾಗ ನನ್ನ ಕೈ ನಡುಗುತ್ತಿರುವುದನ್ನು ವಾರ್ಡಿನ ಮಲೇಷಿಯಾದ ನರ್ಸ್ ಒಬ್ಬಳು ಗಮನಿಸಿದಳು. ಅವಳೇ ನನ್ನನ್ನು ಲಾವ್ ಎಂಬ ಆ ಮುದುಕರು ವಿಂಗ್ ಚುನ್ ಹೊಡೆದಾಟ ಕಲಿಸುತ್ತಿದ್ದ ಹಾಲ್‌ಗೆ ಕರೆದುಕೊಂಡು ಹೋದವಳು.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿರುವ ವಿಜಯಾ ಆಂಟಿ ಮೈಸೂರಿನವರು. ಭಾನುವಾರ ಊಟಕ್ಕೆ ಕರೆದಾಗ ವಿಷಯ ತಿಳಿದು ಸಾರಿನ ಸೌಟು ಹಿಡಿದೇ ನಿಂತುಬಿಟ್ಟರು.

“ಅಲ್ಲಮ್ಮಾ ಫರೀದಾ, ಸಾಟರ್ಡೇ ಆರ್ವೋ ನಮ್ ಯೋಗ ಕ್ಲಾಸ್ ಇದೆ, ಅಲ್ಲಿಗೆ ಬರ್ಬಾರ್ದಾ? ಆ ಚೈನೀಸ್ ಹೊಡೆದಾಟ ನಮ್ದಲ್ವಲ್ಲಾ.”

“ಯಾವುದು ನಮ್ದು ಆಂಟಿ?” ಎಂದೆ.

ಮಧ್ಯಾಹ್ನಕ್ಕೆ ಇಲ್ಲಿಯವರು ಆರ್ವೋ ಎನ್ನುತ್ತಾರೆ. ಆ ಪದವನ್ನು ತಮ್ಮದಾಗಿಸಿಕೊಳ್ಳಲು ಆಂಟಿಗೆ ಏನೂ ಅಡ್ಡಿಯಾಗಿರಲಿಲ್ಲ. ನನ್ನ ಪ್ರಶ್ನೆಗೆ ಮಾತ್ರ ಇನ್ನಷ್ಟು ಅನ್ನ ಬಡಿಸಿದರು.

ಸಿಫು ಎಂದರೆ ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯಲ್ಲಿ ಗುರು. ಅದರಲ್ಲಿ ಅಪ್ಪ ಎಂಬ ಅರ್ಥವೂ ಸೇರಿದೆಯಂತೆ. ಲಾವ್ ಸಿಫು ಫೋಶಾನ್ ಎಂಬ ಊರಿನವರು. ಉತ್ತರ ಚೀನಾದ ಪಟ್ಟುಗಳಲ್ಲಿ ಎತ್ತರದ ಒದೆತ, ನೆಗೆತ ಹೆಚ್ಚು. ದಕ್ಷಿಣದವರದ್ದು ನೆಲ ಕಚ್ಚಿ ನಿಂತು ಕೈಯಲ್ಲಿ ಹೋರಾಡುವ ಕ್ರಮ. ನದಿಗಳ ಮೇಲೆ ಊರೂರು ತಿರುಗುತ್ತಿದ್ದ ನಾಟಕ ಮಂಡಳಿಗಳ ಕೆಂಪು ದೋಣಿಗಳಲ್ಲಿ ಈ ವಿದ್ಯೆ ಬೆಳೆಯಿತು, ಇಕ್ಕಟ್ಟಾದ ದೋಣಿಯಲ್ಲಿ ಕಾಲು ಬೀಸಲು ಜಾಗವೆಲ್ಲಿ ಎಂದು ಅವರು ಹೇಳುತ್ತಿದ್ದರು. ಇನ್ನೂ ಹಳೆಯ ಕಥೆಯೊಂದಿದೆ. ಸುಟ್ಟುಹೋದ ಮಠದಿಂದ ಪಾರಾದ ಸನ್ಯಾಸಿನಿಯೊಬ್ಬಳು, ಪುಂಡನೊಬ್ಬ ಬಲವಂತವಾಗಿ ಮದುವೆಯಾಗಲು ಬಂದಿದ್ದ ಹುಡುಗಿಗೆ ಇದನ್ನು ಕಲಿಸಿದಳಂತೆ. ಹುಡುಗಿ ಅವನನ್ನು ಹೊಡೆದು ಓಡಿಸಿದಳಂತೆ. ವಿಂಗ್ ಚುನ್ ಎಂಬುದು ಅವಳ ಹೆಸರೇ.

“ನಿಜವಾ ಸಿಫು?” ಎಂದು ಕೇಳಿದೆ.

“ಕಥೆ. ಆದರೆ ಒಳ್ಳೆ ಕಥೆ. ಹೆಂಗಸು ಕಂಡುಹಿಡಿದ ವಿದ್ಯೆ ಇದು, ನೆನಪಿಟ್ಕೊ.”

ನೆನಪಿಟ್ಟುಕೊಂಡೆ. ಕೌಲ್ ಬಜಾರಿನಲ್ಲಿ ನನ್ನ ಸೋದರಮಾವ, ನಾನು ಮಾಮು ಎನ್ನುತ್ತಿದ್ದವರು, ಗರಡಿಯ ಉಸ್ತಾದರಾಗಿದ್ದರು. ಕೆಮ್ಮಣ್ಣು, ಎಣ್ಣೆ, ಬೆವರಿನ ಆ ವಾಸನೆಗೆ ನಾನು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಮನೆಯಲ್ಲಿ ಹಬ್ಬದ ದಿನ ನನ್ನನ್ನು ಭುಜದ ಮೇಲೆ ಕೂರಿಸಿಕೊಳ್ಳುತ್ತಿದ್ದ ಮಾಮುವೇ ಅಲ್ಲಿಂದ ಗದರಿ ಓಡಿಸುತ್ತಿದ್ದರು. ನಮ್ಮೂರು ಕೊಡದ್ದನ್ನು ಚೀನಾದ ಮುದುಕರೊಬ್ಬರು ಆಸ್ಟ್ರೇಲಿಯಾದಲ್ಲಿ ಕೊಟ್ಟರು ಎಂದು ಆ ದಿನಗಳಲ್ಲಿ ಊರಿಗೆ ಫೋನ್ ಮಾಡಿದಾಗಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ.

ನನಗೆ ಹೆಚ್ಚು ಹಿಡಿಸಿದ್ದು ‘ಚೀ ಸಾವ್’. ಅಂಟಿಕೊಂಡ ಕೈ ಎಂದು ಅರ್ಥ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ ನಿಧಾನ ಉರುಳಿಸಬೇಕು. ಎದುರಿನವರ ಬಲ ಎತ್ತ ಬರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯಬೇಕು. ನನ್ನ ಭುಜ ಬಿಗಿಯಾದಾಗಲೆಲ್ಲ ಸಿಫು “ಸುಂಗ್” ಎನ್ನುತ್ತಿದ್ದರು. ಸಡಿಲ ಬಿಡು ಎಂದು. ಯಾರೂ ಮುಟ್ಟದ, ಮುಟ್ಟಿದರೆ ನೂಕಲೆಂದೇ ಮುಟ್ಟುವ ಊರಿನಲ್ಲಿ ವಾರಕ್ಕೊಮ್ಮೆ ಒಬ್ಬರ ಕೈ ನನ್ನ ಕೈಗೆ ತಾಗುತ್ತಿತ್ತು. ಕೆಲವು ತಿಂಗಳಲ್ಲಿ ಸೂಜಿ ಹಿಡಿದ ಕೈ ನಡುಗುವುದು ನಿಂತಿತು. ರೈಲಿನಲ್ಲಿ ಬಾಗಿಲ ಪಕ್ಕವೇ ನಿಂತು ಪ್ರಯಾಣಿಸತೊಡಗಿದೆ. ಈ ದೇಶದಲ್ಲಿ ನಾನು ಗೆದ್ದದ್ದೇನಾದರೂ ಇದ್ದರೆ ಅಷ್ಟೇ.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಸಿಫು ಪಾರ್ಶ್ವವಾಯು ಬಡಿದು ಬಿದ್ದರು. ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಇಂಗ್ಲಿಷೂ ಹೋಯಿತು, ಉಳಿದದ್ದು ಕ್ಯಾಂಟನೀಸ್ ಮಾತ್ರ. ಅಡಿಲೇಡ್‌ನಿಂದ ಅವರ ಮಗಳು ಲಿಂಡಾ ಬಂದಳು. ಸಿಫುಗೆ ಮಗಳಿದ್ದಾಳೆಂಬುದೇ ನಮಗೆ ಗೊತ್ತಿರಲಿಲ್ಲ, ಹಾಂಗ್‌ಕಾಂಗ್‌ನಲ್ಲಿರುವ ಮಗನ ಮಾತನ್ನಷ್ಟೇ ಅವರು ಆಡುತ್ತಿದ್ದರು. ಲಿಂಡಾ ಹಾಲ್‌ನ ಬಾಡಿಗೆ ಬಿಡಿಸಿದಳು, ಅಪ್ಪನನ್ನು ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ತನ್ನ ಮನೆಯ ಹತ್ತಿರದ ವೃದ್ಧರ ಆರೈಕೆ ಮನೆಗೆ ಸೇರಿಸಿದಳು. ಶಿಷ್ಯರು ಚದುರಿಹೋದೆವು.

ರಜೆ ಹಾಕಿ ಅಡಿಲೇಡ್‌ಗೆ ಹೋದೆ. ಸಮುದ್ರ ಕಾಣುವ ಚೊಕ್ಕಟ ಕೋಣೆ. ಕಿಟಕಿಯ ಬಳಿ ಸಿಫು ಒಬ್ಬರೇ ಕುಳಿತಿದ್ದರು. ಅವರ ಭಾಷೆ ಬಲ್ಲವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಹಗಲೆಲ್ಲ ಏನೋ ಕೇಳುತ್ತಿರುತ್ತಾರೆ, ನಾವು ಟೀ ಕೊಡುತ್ತೇವೆ ಎಂದಳು ಆರೈಕೆಯವಳು. ನನಗೆ ಸಿಟ್ಟು ಬಂತು. ಲಿಂಡಾ ಬಂದೊಡನೆ ಕಾರಿಡಾರಿನಲ್ಲೇ ಮಾತು ತೆಗೆದೆ.

“ಬ್ರಿಸ್ಬೇನ್‌ನಲ್ಲಿದ್ದಿದ್ರೆ ಅವರ ಭಾಷೇಲಿ ಮಾತಾಡೋರು ಇರ್ತಿದ್ರು. ಶಿಷ್ಯರಿದ್ದೀವಿ, ನಾವು ನೋಡ್ಕೊಳ್ತಿದ್ವಿ.”

ಲಿಂಡಾ ನನಗಿಂತ ದೊಡ್ಡವಳು, ಸಣ್ಣ ಮೈಕಟ್ಟು. ದನಿ ಏರಿಸಲಿಲ್ಲ.

“ನಿಮಗೆ ಎಷ್ಟು ವರ್ಷ ಕಲಿಸಿದ್ರು?”

“ನಾಲ್ಕು.”

“ನನಗೆ ಒಂದು ದಿನಾನೂ ಕಲಿಸ್ಲಿಲ್ಲ. ತಮ್ಮನಿಗೆ ಹೊಡೆದು ಹೊಡೆದು ಕಲಿಸಿದ್ರು, ಅವನಿಗೆ ಬೇಕಿರ್ಲಿಲ್ಲ. ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ. ಹೋಗಿ ಅಕ್ಕಿ ತೊಳಿ ಅಂತಿದ್ರು. ಮಗಳಿಗೆ ಕಲಿಸಿದ್ರೆ ವಿದ್ಯೆ ಗಂಡನ ಮನೆಗೆ ಹೋಗುತ್ತೆ ಅಂತ.”

“ಆದ್ರೆ ನನಗೆ ಕಲಿಸಿದ್ರಲ್ಲಾ…”

“ನೀವು ಅವರಿಗೆ ಯಾರೂ ಅಲ್ಲವಲ್ಲ. ಅದಕ್ಕೇ ಸುಲಭ ಆಯ್ತು.”

ಹೆಂಗಸಿನ ಹೆಸರು ಹೊತ್ತ ವಿದ್ಯೆ ಎಂದು ನನಗೆ ಹೇಳಿಕೊಟ್ಟವರು ಹೆತ್ತ ಮಗಳನ್ನು ಅಕ್ಕಿ ತೊಳೆಯಲು ಕಳಿಸಿದ್ದರು. ನನ್ನ ಮಾಮುವಿಗಿಂತ ಇವರು ದೊಡ್ಡವರೆಂದು ಊರಿಗೆಲ್ಲ ಸಾರಿದ್ದೆ.

ಇಬ್ಬರೂ ಒಳಗೆ ಹೋದೆವು. ನಾನು ಸಿಫು ಎದುರು ಕುರ್ಚಿ ಎಳೆದುಕೊಂಡು ಕುಳಿತು ಅವರ ಎಡ ಮುಂಗೈಗೆ ನನ್ನ ಮುಂಗೈ ತಾಗಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಕೈ ಮೆಲ್ಲಗೆ ಉರುಳತೊಡಗಿತು. ನನ್ನ ಭುಜ ಬಿಗಿಯಾಗಿತ್ತು. “ಸುಂಗ್” ಎಂದರು. ಅದರ ಹಿಂದೆಯೇ ಇನ್ನೂ ಏನೇನೋ ಹೇಳಿದರು, ನಡುನಡುವೆ ನನಗೆ ತಿಳಿಯದ ಬೇರೊಂದು ಪದ ಮತ್ತೆ ಮತ್ತೆ. ಹಾಲ್‌ನಲ್ಲಿ ನಾನೆಂದೂ ಕೇಳದಷ್ಟು ಮೆತ್ತಗಿನ ದನಿ.

“ಏನಂತಾರೆ?” ಎಂದು ಲಿಂಡಾಳನ್ನು ಕೇಳಿದೆ.

ಅವಳು ಗೋಡೆಗೆ ಒರಗಿ ನಿಂತಿದ್ದಳು. “ಮೊಣಕೈ ಇಳಿಸು ಅಂತಾರೆ. ಚೆನ್ನಾಗಿ ಮಾಡ್ತಿದೀಯ ಅಂತಾರೆ.” ಆಮೇಲೆ ಹೇಳಿದಳು, “ನಿಮ್ಮನ್ನ ನನ್ನ ಹೆಸರಿಂದ ಕರೀತಿದಾರೆ. ಮನೇಲಿ ಕರೆಯೋ ಹೆಸರು.”

ನಾನು ಏಳಲು ಹೋದೆ. “ನೀವು ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕೈ ಹೇಗಿಡೋದು ಅಂತ ತೋರಿಸ್ತೀನಿ.”

“ಬೇಡ” ಎಂದಳು. “ನನ್ನ ಅಪ್ಪನ ಕೈ ಹಿಡಿಯೋದನ್ನ ನೀವು ನನಗೆ ತೋರಿಸ್ಕೊಡೋದು ಬೇಡ.” ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಗಾಜಿನಾಚೆ ಅವಳು ಕಾರಿನ ಕಡೆ ನಡೆಯುವುದು ಕಾಣುತ್ತಿತ್ತು.

ಸಿಫುಗೆ ಅದಾವುದೂ ತಿಳಿಯಲಿಲ್ಲ. ಅವರ ಕೈ ನನ್ನ ಕೈಯನ್ನು ಹುಡುಕುತ್ತಿತ್ತು. ಆ ಹೆಸರು ಹಿಡಿದು ಮತ್ತೆ ಕರೆದರು. ನಾನು ಕೈ ತಾಗಿಸಿದೆ, ಮೊಣಕೈ ಇಳಿಸಿದೆ. ಬಳ್ಳಾರಿ ಬಿಟ್ಟ ಮೇಲೆ ಅಷ್ಟು ಮಮತೆಯಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ಈ ದೇಶದಲ್ಲಿ ಕೊನೆಗೂ ನನಗೊಂದು ಜಾಗ ಸಿಕ್ಕಿತ್ತು, ಅದು ಲಿಂಡಾಳದ್ದು.