ಹಿದಾಯತ್ ಮಾರಿದ ಜೀವ

ಹರಿಹರದಲ್ಲಿ ಹಜೀರಾಬೀ ಮನೆಯ ಕುಕ್ಕರಿನ ಸೀಟಿ ಕೇಳಿ ಊಟಕ್ಕೆ ಬಂದವರು ಎಷ್ಟೋ ಮಂದಿ ಮೋಸ ಹೋಗಿದ್ದಾರೆ. ಒಳಗೆ ಬೇಯುತ್ತಿದ್ದದ್ದು ಬೇಳೆಯಲ್ಲ, ಇದ್ದಿಲ ಪುಡಿ. ಎಂಬತ್ತರ ದಶಕದಲ್ಲಿ ಅವಳ ಗಂಡ ಹಿದಾಯತ್‌ನ ಕಾರ್ಖಾನೆಯಿಂದ ಬಳ್ಳಾರಿಯವರೆಗೂ ವ್ಯಾನು ಹೋಗುತ್ತಿತ್ತು, ನಿಜ. ಆದರೆ ಶುರುವಾದದ್ದು ಈ ಕುಕ್ಕರಿನಲ್ಲೇ.

ವಿದ್ಯಾನಗರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಬಂದಿದ್ದ ಪುಣ್ಯಾತ್ಮ. ಶೇಂಗಾ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುವ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದ. ಬೇಯಿಸಿ ಶುದ್ಧಮಾಡಿದ ಇದ್ದಿಲ ಪುಡಿಗೆ ಅವನ್ನು ಬೆರೆಸಿ, ಬಿತ್ತನೆ ಬೀಜಕ್ಕೆ ಹಚ್ಚಲೆಂದು ಪೊಟ್ಟಣ ಕಟ್ಟುತ್ತಿದ್ದ. ಬಯೋಟೆಕ್ನಾಲಜಿ ಎಂಬ ಮಾತು ಆಗಿನ್ನೂ ಹರಿಹರದ ಸೇತುವೆ ದಾಟಿರಲಿಲ್ಲ. ಅಣ್ಣ ಮಕ್ತುಮ್ ಸಾಬ್ ಅದಕ್ಕೆ "ಗಾಳಿ ಮಾರೋ ಧಂದೆ" ಎಂದು ಹೆಸರಿಟ್ಟಿದ್ದ.

ಹಜೀರಾಬೀ ಗೊಣಗುತ್ತಲೇ ಕುಕ್ಕರ್ ಕೊಡುತ್ತಿದ್ದಳು. ಕೊಡದೆ ಏನು ಮಾಡ್ತಾಳೆ? ಹೆಣ್ಣುಮಕ್ಕಳ ಜಡೆ ಹೆಣೆಯುತ್ತ ಮಗ್ಗಿ ಹೇಳಿಕೊಡುವ ಗಂಡಸು ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಹುಚ್ಚನೇ ಆದರೂ ಮನೆಯ ಹುಚ್ಚ.

ಎಪ್ಪತ್ತೆಂಟರ ಮುಂಗಾರಿಗೆ ಹದಡಿಯ ದೊಡ್ಡ ರೈತ ನಾಗರಾಜಪ್ಪ ಪೊಟ್ಟಣ ಕೊಂಡ. ಅವನು ಕೊಂಡರೆ ಊರೇ ಕೊಂಡಂತೆ. ಈ ಬೆಳೆ ಕೈಕೊಟ್ಟರೆ ದಾವಣಗೆರೆಯ ನಿನ್ನ ಚಪ್ಪಲಿ ಅಂಗಡಿಗೆ ಬಂದು ಕೂರುತ್ತೇನೆ ಎಂದು ಹಿದಾಯತ್ ಅಣ್ಣನಿಗೆ ಮಾತು ಕೊಟ್ಟುಬಿಟ್ಟ.

ಬೆಳೆ ಕೈಕೊಟ್ಟಿತು. ನಾಗರಾಜಪ್ಪ ದಾವಣಗೆರೆಯ ಮಂಡಿಯಲ್ಲಿ ನಿಂತು, "ಇದ್ದಿಲು ಕೊಟ್ಟು ಟೋಪಿ ಹಾಕಿದ ನೋಡ್ರಿ" ಎಂದು ಕೂಗಾಡಿದ. ಸುದ್ದಿ ತಿಳಿದದ್ದೇ ಗಂಡಹೆಂಡತಿ ಹದಡಿಗೆ ಓಡಿದರು. ಹಿದಾಯತ್ ಹೊಲದಲ್ಲಿ ಗಿಡ ಕಿತ್ತು ಬೇರು ನೋಡುತ್ತಿದ್ದರೆ, ಮನೆಯೊಳಗೆ ನಾಗರಾಜಪ್ಪನ ತಾಯಿ ಬಸವಣ್ಣೆಮ್ಮ ಹಜೀರಾಬೀಗೆ ಮಂಡಕ್ಕಿ ಕೊಟ್ಟು ಮಾತಿಗೆ ಕೂತಳು.

"ನಿನ್ ಗಂಡನ ಔಷಧಿನ ಕಾಪಾಡಿದೋಳು ನಾನೇ ಕಣವ್ವ. ಬೀಜಕ್ಕೆ ಅಂಟ್ಲಿ ಅಂತ ಬೆಲ್ಲದ ನೀರಾಗೆ ಕಲಸಿದ್ವಾ? ಇರುವೆ ಮುತ್ಕಂಡ್ವು. ಇರುವೆ ಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ. ಆಮ್ಯಾಕೆ ಒಂದ್ ಇರುವೆ ಸುಳಿಲಿಲ್ಲ ನೋಡು!"

ಹಜೀರಾಬೀ ಮಂಡಕ್ಕಿ ಬಿಟ್ಟು ಎದ್ದಳು. ಇರುವೆ ಕೊಲ್ಲುವ ವಿಷ ಆ ಜೀವಿಗಳನ್ನು ಬಿಟ್ಟೀತೆ? ಹಿತ್ತಲಲ್ಲಿ ಗಂಡನನ್ನು ತಡೆದು ಎಲ್ಲ ಹೇಳಿದಳು. "ಜಗಲಿ ಮೇಲೆ ಊರೇ ಐತೆ. ಹೋಗಿ ಹೇಳ್ರಿ."

ಹಿದಾಯತ್ ಹೋದ. ಹೇಳಿದ್ದು ಮಾತ್ರ ಬೇರೆ. "ತಪ್ಪು ನಂದೇ, ಯಜಮಾನ್ರೆ. ಪೂರ್ತಿ ತಿಳಿಸದೆ ಕೊಟ್ಟೆ."

ಬಸ್ಸಿನಲ್ಲಿ ಹಜೀರಾಬೀ ಕೆಂಡವಾದಳು. ಹಿದಾಯತ್ ಅಂದ: "ನಾನು ಭಾಷಣ ಬಿಗಿದದ್ದು ಗಂಡಸರ ಮುಂದೆ. ಬೀಜ ಕಲಸೋರು ಹೆಂಗಸರು. ಇದರಾಗೆ ಜೀವ ಐತೆ, ವಿಷ ತಾಗಿಸಬ್ಯಾಡ್ರಿ ಅಂತ ಅವರಿಗೆ ಹೇಳಿದ್ನಾ? ಈಗ ಬಾಯಿ ಬಿಟ್ಟರೆ ಮಗ ಮುದುಕಿನ ಊರ ಮುಂದೆ ಬೈತಾನೆ. ನೀನೂ ಈ ಮಾತು ಎತ್ತಬ್ಯಾಡ."

ಕೊಟ್ಟ ಮಾತಿನಂತೆ ಚಪ್ಪಲಿ ಅಂಗಡಿಗೆ ಸೇರಿದ. ಸಂಜೆ ಬಂದು ಮಕ್ಕಳ ಜೊತೆ ಮೊದಲಿನಂತೆ ನಗುತ್ತಿದ್ದ. ಆದರೆ ಅವರು ಮಲಗಿದ ಮೇಲೆ, ಸಾಯಿಸಲು ಮನಸ್ಸು ಬಾರದ ಆ ಜೀವಿಗಳ ಬಾಟಲಿಗಳ ಮುಂದೆ ಸುಮ್ಮನೆ ಕೂರುತ್ತಿದ್ದ. ಅದನ್ನು ನೋಡುವುದು ಹಜೀರಾಬೀಗೆ ಆಗುತ್ತಿರಲಿಲ್ಲ.

ಮುಂದಿನ ಮುಂಗಾರು ಮೋಡ ಕಟ್ಟಿದಾಗ ಅವಳೇ ಕುಕ್ಕರ್ ಒಲೆಗಿಟ್ಟಳು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ ಕೆಲಸ, ಪೊಟ್ಟಣ ಕಟ್ಟುವುದೇನು ಮಹಾ! ಗಂಡನಿಗೆ ಹೇಳದೆ ಹದಡಿಗೆ ಹೋಗಿ ಬಸವಣ್ಣೆಮ್ಮನ ಅಂಗಳದಲ್ಲೇ ಹೆಂಗಸರನ್ನು ಕೂಡಿಸಿದಳು. ಬೀಜ ಕಲಸಿ ತೋರಿಸಿ, ಯಾರ ಕಡೆಗೂ ನೋಡದೆ ಅಂದಳು: "ನೆರಳಾಗೆ ಆರಿಸ್ರಿ, ಅವತ್ತೇ ಬಿತ್ರಿ. ಇರುವೆ ಬಂದ್ರೆ ಬರ್ಲಿ. ಪುಡಿ ಮಾತ್ರ ಹಾಕಬ್ಯಾಡ್ರಿ, ಇದರಾಗಿನ ಜೀವ ಸಾಯ್ತಾವೆ."

ಬೀಜ ಕಲಸುತ್ತಿದ್ದ ಬಸವಣ್ಣೆಮ್ಮನ ಕೈ ನಿಂತಿತು. ಅವಳು ಹಜೀರಾಬೀಯ ಮುಖ ನೋಡಿದಳು. ಹಜೀರಾಬೀ ತಲೆ ತಗ್ಗಿಸಿದಳು. ಮುದುಕಿ ಎದ್ದು ಮಗನನ್ನು ಕೂಗಿದಳು. "ಗಾಡಿ ತೆಗಿ. ಆ ಸಾಬ್ರು ಎಲ್ಲಿದ್ದಾರೋ ಅಲ್ಲಿಗೆ ನಡಿ." ಹಜೀರಾಬೀ ದಾವಣಗೆರೆಯ ಅಂಗಡಿಯ ಗುರುತು ಹೇಳಿದಳು. ದಾರಿಯುದ್ದಕ್ಕೂ ಆಗಿದ್ದನ್ನೆಲ್ಲ ಮುದುಕಿಯೇ ಮಗನಿಗೆ ಹೇಳಿದಳು.

ಅಂಗಡಿಯಲ್ಲಿ ಹಿದಾಯತ್ ನೆಲಕ್ಕೆ ಕೂತು ಗಿರಾಕಿಯೊಬ್ಬನ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದ. ಬಸವಣ್ಣೆಮ್ಮ ಮೆಟ್ಟಿಲು ಹತ್ತಿ ನೇರ ಅವನ ಮುಂದೆ ನಿಂತಳು.

"ನನ್ ತಪ್ಪು ಹೊತ್ಕಂಡು ವರ್ಷಪೂರ್ತಿ ಇಲ್ಲಿ ಕುಂತಿದ್ದೀಯಲ್ಲಪ್ಪ," ಎಂದಳು. "ಏಳು ಮಗನೇ."

ಚಪ್ಪಲಿ ಕೈಯಲ್ಲಿ ಹಿಡಿದೇ ಹಿದಾಯತ್ ಅತ್ತುಬಿಟ್ಟ. ಹದಡಿಯ ಯಜಮಾನ ನಾಗರಾಜಪ್ಪ ಬಗ್ಗಿ ಆ ಚಪ್ಪಲಿಯನ್ನು ಅವನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ಎರಡೂ ರಟ್ಟೆ ಹಿಡಿದು ಎಬ್ಬಿಸಿದ.