ಪರಪ್ಪನನ್ನು ಮುಧೋಳಕ್ಕೆ ಕೇಳಿದರು

ಗೆಳೆಯರೇ, ನಮ್ಮ ಪರಪ್ಪ ರಬಕವಿ ತಂಡದಲ್ಲೇ ಉಳಿದ! ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದರೂ ಮುಧೋಳದವರ ಗತ್ತು ಹೋಗಿಲ್ಲ ನೋಡಿ. ನಮ್ಮ ಕ್ರಿಕೆಟ್ ತಂಡದಲ್ಲಿ ಚೆಂಡನ್ನು ಹೊಳೆಗೆ ಅಟ್ಟುವವನು ಅವನೊಬ್ಬನೇ. ಅವನನ್ನೇ ಕೇಳಲು ಇಂದು ಅವನ ಮನೆಗೇ ಬಂದರು. ಬದಲಿಗೆ ಇಬ್ಬರು ಬೌಲರುಗಳನ್ನು ಕೊಡುತ್ತಾರಂತೆ. ಅದಕ್ಕೆ ನಮ್ಮವರಲ್ಲೇ ಅರ್ಧ ಜನ ಹೂಂ ಎಂದು ತಲೆಯಾಡಿಸಿಬಿಟ್ಟರು.

"ನಿಮ್ಮ ಹುಡುಗನ್ನ ನಮಗ ಕೊಡ್ರಿ. ಮುಧೋಳದಾಗ ಛಲೋ ನೋಡ್ಕೋತೀವಿ," ಎಂದ ಅವರ ಕ್ಯಾಪ್ಟನ್.

ಒಳಗಿನಿಂದ ಪರಪ್ಪನ ಅಜ್ಜಿ ಸಿಡಿದು ಬಂದಳು. "ನಮ್ಮ ಹುಡುಗ ಮನಿ ಅಳ್ಯಾ ಆಗಂಗಿಲ್ಲ! ಬೇಕಾದ್ರ ಹುಡುಗೀನ್ನ ಇಲ್ಲಿಗೆ ಕಳಸ್ರಿ!"

ಬಂದವರು ಚಹಾ ಮುಗಿಸದೆ ಎದ್ದರು. ಒಪ್ಪದ ನಮಗೆ ಹೋದ ಜೀವ ಬಂತು.

ಅಜ್ಜಿಯ ಕೂಗಷ್ಟೇ ಕೇಳಿ ಮಗ್ಗದಿಂದ ಎದ್ದುಬಂದ ಪರಪ್ಪ ಮಾತ್ರ ಇನ್ನೂ ಮುಖ ಗಂಟಿಕ್ಕಿಕೊಂಡಿದ್ದಾನೆ: "ಹುಡುಗಿ ಯಾರಂತ ಒಂದ್ ಮಾತ ಕೇಳಬಾರದೇನ್ರಲೇ?"